ಎಲ್ಲ ಸರ್ವರ್ ಗುಣಿಸು ಎಲ್ಲ ಬ್ರೌಸರ್: ಈ ಲೆಕ್ಕ ಬಿಡೋಣ

"ಎಲ್ಲ ಕಾನ್ಫಿಗರೇಶನ್‌ನಲ್ಲೂ ಎಲ್ಲ ಟೆಸ್ಟ್ ಓಡಿಸಿಬಿಡಿ." ವೆಬ್ ಸಾಫ್ಟ್‌ವೇರ್‌ನ ರಿಲೀಸ್ ಹತ್ತಿರ ಬಂದಾಗ ಈ ಮಾತು ಬಂದೇ ಬರುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಸರ್ವರ್ ಕಡೆ 3 ಆಪರೇಟಿಂಗ್ ಸಿಸ್ಟಮ್, 4 ಡೇಟಾಬೇಸ್, ಜಾವಾದ 2 ಆವೃತ್ತಿ. ಬಳಕೆದಾರರ ಕಡೆ 5 ಬ್ರೌಸರ್. ಒಟ್ಟು 120 ಜೋಡಣೆ. ಒಂದು ಸುತ್ತಿಗೆ 40 ನಿಮಿಷ ಅಂದುಕೊಂಡರೂ 80 ಗಂಟೆ! ಸೆಲೆನಿಯಂ ಗ್ರಿಡ್ ಎಂಬ ಟೂಲ್ ಹಾಕಿ ಹತ್ತಾರು ಮಷಿನ್‌ಗೆ ಹಂಚಿದರೆ ಸಮಯ ಇಳಿಯುತ್ತದೆ, ನಿಜ. ಆದರೆ ಬೆಳಿಗ್ಗೆ ಕೂತು 120 ರಿಪೋರ್ಟ್ ಓದುವವರು ಯಾರು?

ನನ್ನ ಅಭಿಪ್ರಾಯ ಇಷ್ಟೇ. ಸರ್ವರ್ ಕಡೆಯ ಬಹುಪಾಲು ಬಗ್‌ಗಳಿಗೆ ಬ್ರೌಸರ್ ಯಾವುದು ಅನ್ನೋದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎರಡನ್ನೂ ಗುಣಿಸಬೇಡಿ, ಬೇರೆ ಬೇರೆ ಇಡಿ.

ಒರಾಕಲ್ ಡೇಟಾಬೇಸನ್ನೇ ತಗೊಳ್ಳಿ. ಅದು ಖಾಲಿ ಸ್ಟ್ರಿಂಗನ್ನು (ಒಂದು ಅಕ್ಷರವೂ ಇಲ್ಲದ ಪಠ್ಯವನ್ನು) ನಲ್, ಅಂದರೆ 'ಮೌಲ್ಯವೇ ಇಲ್ಲ' ಎಂದೇ ಇಟ್ಟುಕೊಳ್ಳುತ್ತದೆ. ಫಾರ್ಮ್‌ನಲ್ಲಿ ಯಾರೋ ಮಧ್ಯದ ಹೆಸರು ಖಾಲಿ ಬಿಟ್ಟರು ಅನ್ನಿ. ಆಮೇಲೆ 'ಖಾಲಿ ಸ್ಟ್ರಿಂಗ್‌ಗೆ ಸಮ' ಎಂದು ಹುಡುಕಿದರೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಆ ಸಾಲು ಸಿಗುತ್ತದೆ, ಒರಾಕಲ್‌ನಲ್ಲಿ ಸಿಗೋದಿಲ್ಲ. ಇದನ್ನು ಹಿಡಿಯೋಕೆ ಬ್ರೌಸರ್ ಯಾಕೆ ಬೇಕು? ಎಪಿಐ ಮಟ್ಟದ, ಅಂದರೆ ಬ್ರೌಸರ್ ಇಲ್ಲದೆ ನೇರವಾಗಿ ಸರ್ವರನ್ನೇ ಕೇಳುವ ಟೆಸ್ಟ್ ಸಾಕು. ಅದು ಬೇಗ ಮುಗಿಯುತ್ತದೆ, ಅದನ್ನು ನಾಲ್ಕೂ ಡೇಟಾಬೇಸ್ ಮೇಲೆ ಧಾರಾಳವಾಗಿ ಓಡಿಸಿ.

ಬ್ರೌಸರ್ ಟೆಸ್ಟ್‌ಗಳಿಗೆ ಒಂದೇ ಸರ್ವರ್ ಸಾಕು. ಇಲ್ಲಿ ಬ್ರೌಸರ್ ಹೆಸರುಗಳಿಗಿಂತ ಒಳಗೆ ಪುಟವನ್ನು ಮೂಡಿಸುವ ಎಂಜಿನ್ ಮುಖ್ಯ. ಎಡ್ಜ್ 2020ರಿಂದ, ಕ್ರೋಮ್‌ಗೂ ಆಧಾರವಾದ ಕ್ರೋಮಿಯಂ ಮೇಲೆಯೇ ನಡೆಯುತ್ತಿದೆ. ಕ್ರೋಮ್‌ನ ಮೂರು ಆವೃತ್ತಿ, ಜೊತೆಗೆ ಎಡ್ಜ್ ಓಡಿಸಿ, ಸಫಾರಿ ಬಿಟ್ಟ ತಂಡಗಳನ್ನು ನೋಡಿದಾಗ ನಿಜಕ್ಕೂ ಬೇಸರ ಆಗುತ್ತದೆ. ಒಂದೇ ಎಂಜಿನ್ನನ್ನು ನಾಲ್ಕು ಸಲ ಓಡಿಸಿದಂತೆ ಆಯಿತು, ಅಲ್ವಾ? ಪ್ಲೇರೈಟ್ ಎಂಬ ಟೆಸ್ಟ್ ಟೂಲ್‌ನಲ್ಲಿ ಸಫಾರಿಯ ಎಂಜಿನ್ ಆದ ವೆಬ್‌ಕಿಟ್ ಸಿಗುತ್ತದೆ, ದಿನನಿತ್ಯಕ್ಕೆ ಒಳ್ಳೆಯದೇ. ಆದರೆ ಅದು ಪೂರ್ತಿ ಸಫಾರಿ ಅಲ್ಲ. ರಿಲೀಸ್‌ಗೆ ಮುಂಚೆ ಒಂದು ಸಲವಾದರೂ ನಿಜವಾದ ಸಫಾರಿಯಲ್ಲಿ ನೋಡಲೇಬೇಕು.

ಎರಡೂ ಕಡೆ ಸೇರುವ ಜಾಗಗಳೂ ಇವೆ: ಲಾಗಿನ್, ಕುಕಿ, ಫೈಲ್ ಅಪ್‌ಲೋಡ್. ಕುಕಿ ಕಳಿಸೋದು ಸರ್ವರ್, ಅದನ್ನು ಇಟ್ಟುಕೊಳ್ಳಬೇಕೋ ಬೇಡವೋ, ಯಾವಾಗ ವಾಪಸ್ ಕಳಿಸಬೇಕು ಅಂತ ತೀರ್ಮಾನಿಸೋದು ಬ್ರೌಸರ್. 2020ರಲ್ಲಿ ಕ್ರೋಮ್ 80 ಸೇಮ್‌ಸೈಟ್ ನಿಯಮ (ಬೇರೆ ಸೈಟ್‌ನಿಂದ ಬರುವ ಕೋರಿಕೆಯ ಜೊತೆ ಕುಕಿ ಕಳಿಸಬೇಕೋ ಬೇಡವೋ ಅನ್ನೋದು) ಬಿಗಿ ಮಾಡಿದಾಗ ಬೇರೆ ಸೈಟ್ ಮೂಲಕ ಬರುವ ಲಾಗಿನ್‌ಗಳಿಗೆ ಪೆಟ್ಟು ಬಿದ್ದದ್ದು ಇದೇ ಕಾರಣಕ್ಕೆ. ಇಂಥ ಕೆಲವೇ ಟೆಸ್ಟ್‌ಗಳಿಗೆ ಮಾತ್ರ ಜೋಡಣೆ ಮಾಡಿ. ಅಲ್ಲೂ 120 ಬೇಡ. ಯಾವ ಎರಡು ಆಯ್ಕೆ ತಗೊಂಡರೂ ಅವು ಒಮ್ಮೆಯಾದರೂ ಜೊತೆಯಾಗಿ ಬರುವಂತೆ ಮಾಡುವ ಪೇರ್‌ವೈಸ್ ವಿಧಾನದಲ್ಲಿ ಇದು 20ರ ಆಸುಪಾಸಿಗೆ ಇಳಿಯುತ್ತದೆ. ಮೈಕ್ರೋಸಾಫ್ಟ್‌ನ ಪಿಕ್ಟ್ ಟೂಲ್‌ಗೆ ಆಯ್ಕೆಗಳನ್ನು ಬರೆದುಕೊಟ್ಟರೆ ಪಟ್ಟಿ ಅದೇ ಕೊಡುತ್ತದೆ.

ಇನ್ನೊಂದು ವಿಷಯ. ಫೇಲಾದ ಟೆಸ್ಟನ್ನು ಹಸಿರಾಗುವವರೆಗೂ ಸುಮ್ನೆ ಮತ್ತೆ ಮತ್ತೆ ಓಡಿಸಬೇಡಿ. ಒಂದೇ ಜೋಡಣೆಯಲ್ಲಿ ಆಗಾಗ ಕೆಂಪಾಗುವ ಟೆಸ್ಟ್ ಅಂದರೆ ಅಲ್ಲಿ ನಿಜವಾದ ಬಗ್ ಇರಬಹುದು. ಯಾವ ಡೇಟಾಬೇಸ್, ಯಾವ ಎಂಜಿನ್, ಯಾವ ಆವೃತ್ತಿ ಅನ್ನೋದು ರಿಪೋರ್ಟ್‌ನಲ್ಲಿ ಟೆಸ್ಟಿನ ಹೆಸರಿನ ಪಕ್ಕದಲ್ಲೇ ಕಾಣಬೇಕು. ಲಾಗ್ ಬಗೆದು ಹುಡುಕುವ ಹಾಗಿದ್ದರೆ ಯಾರೂ ಹುಡುಕೋದಿಲ್ಲ.