ಎಲ್ಲರ ಆಸಿಲೇಟರ್‌ಗೂ 1.59 ಹೇಗೆ ಬಂತು?

ಇವತ್ತು ಲ್ಯಾಬಿನಲ್ಲಿ ವೀನ್ ಬ್ರಿಡ್ಜ್ ಆಸಿಲೇಟರ್, ಅಂದರೆ ತಾನಾಗಿಯೇ ಸೈನ್ ತರಂಗ ಹುಟ್ಟಿಸುವ ಸರ್ಕ್ಯೂಟಿನ ಪ್ರಯೋಗವಿತ್ತು. ಸಹಿಗೆಂದು ಪೇರಿಸಿಟ್ಟಿದ್ದ ನಮ್ಮ ಬ್ಯಾಚಿನ ರೆಕಾರ್ಡುಗಳನ್ನು ತಿರುವಿ ನೋಡಿದರೆ, ‘ಪ್ರಾಯೋಗಿಕ ಆವರ್ತನ’ದ ಎದುರು ಎಲ್ಲರದೂ 1.59 ಕಿಲೋಹರ್ಟ್ಸ್. 10 ಕಿಲೋಓಮ್ ರೆಸಿಸ್ಟರ್, 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಿಡಿದು ಲೆಕ್ಕ ಹಾಕಿದರೆ ಸೂತ್ರ ಕೊಡುವುದೂ ಅದನ್ನೇ. ಕಾರವಾರದ ಉಪ್ಪುಗಾಳಿಗೆ ಕ್ಲಿಪ್ಪುಗಳು ತುಕ್ಕು ಹಿಡಿದಿರುವ ನಮ್ಮ ಬ್ರೆಡ್‌ಬೋರ್ಡುಗಳು ಇಷ್ಟು ನಿಖರವೆಂದು ನನಗೆ ಗೊತ್ತಿರಲಿಲ್ಲ!

ಲ್ಯಾಬಿನ ಡಬ್ಬಿಯಲ್ಲಿರುವ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ 103ಎಂ ಎಂದು ಬರೆದಿದೆ. ಆ ‘ಎಂ’ ಎಂದರೆ ಶೇ. 20ರಷ್ಟು ಹೆಚ್ಚುಕಡಿಮೆ ಇರಬಹುದೆಂದು ಅರ್ಥ. ಸರ್ಕ್ಯೂಟಿನ ಎರಡೂ ಕೆಪಾಸಿಟರ್‌ಗಳು ಅಷ್ಟು ಹೆಚ್ಚಿದ್ದರೆ ಆವರ್ತನ 1.33ಕ್ಕೆ ಇಳಿಯುತ್ತದೆ, ಅಷ್ಟೇ ಕಡಿಮೆಯಿದ್ದರೆ 1.99ಕ್ಕೆ ಏರುತ್ತದೆ. ಕಿವಿರು ಎತ್ತಿ ನೋಡದೆ ಒಂದು ಬಂಗಡೆಯನ್ನೂ ಕೊಳ್ಳದ ನಮ್ಮೂರಿನ ಮಕ್ಕಳು ಕೆಪಾಸಿಟರನ್ನು ಮಾತ್ರ ಅಳೆಯದೆ ನಂಬುತ್ತಾರೆ.

ಆವರ್ತನದ ಸುಳ್ಳನ್ನಾದರೂ ಸಹಿಸಬಹುದು. ನನ್ನ ಸಿಟ್ಟನ್ನು ನೆತ್ತಿಗೇರಿಸಿದ್ದು ಗೇನ್, ಅಂದರೆ ಆಂಪ್ಲಿಫೈಯರ್ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ. ರೆಸಿಸ್ಟರ್-ಕೆಪಾಸಿಟರ್‌ಗಳ ಆರ್‌ಸಿ ಜಾಲವು ಔಟ್‌ಪುಟ್ಟಿನ ಮೂರನೇ ಒಂದು ಭಾಗವನ್ನಷ್ಟೇ ಹಿಂದಕ್ಕೆ ಕೊಡುವುದರಿಂದ ಗೇನ್ 3 ಬೇಕು, ಹಾಗಾಗಿ 20 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ ಹಾಕಿರಿ ಎನ್ನುವಲ್ಲಿಗೆ ಮ್ಯಾನುಯಲ್ಲಿನ ‘ಡಿಸೈನ್’ ಮುಗಿಯುತ್ತದೆ. ಆದರೆ ಆಂದೋಲನ ತಾನಾಗಿ ಶುರುವಾಗಲು ಗೇನ್ ಮೂರಕ್ಕಿಂತ ತುಸು ಹೆಚ್ಚಿರಬೇಕು, ಶುರುವಾದ ಮೇಲೆ ಅದನ್ನು ಮೂರಕ್ಕೆ ಇಳಿಸಿ ಹಿಡಿಯುವ ಏರ್ಪಾಡೂ ಇರಬೇಕು. ಅದಿಲ್ಲದಿದ್ದರೆ ಗೇನ್ ಹೊಂದಿಸುವ ಪಾಟನ್ನು (ತಿರುಗಿಸಿ ರೋಧ ಬದಲಿಸುವ ರೆಸಿಸ್ಟರ್) ಒಂದು ಕಡೆ ತಿರುಗಿಸಿದರೆ ತರಂಗವೇ ಮಾಯ, ಇನ್ನೊಂದು ಕಡೆ ತಿರುಗಿಸಿದರೆ 741 ಎಂಬ ಆಂಪ್ಲಿಫೈಯರ್ ಚಿಪ್ ತನ್ನ ಮಿತಿ ಮುಟ್ಟಿ ಸ್ಯಾಚುರೇಟ್ ಆಗಿ ತರಂಗದ ನೆತ್ತಿ ಚಪ್ಪಟೆ. ನಡುವೆ ಎಲ್ಲೋ ಸಿಕ್ಕ ಸೈನ್ ತರಂಗ ಮೊಬೈಲಿನಲ್ಲಿ ಫೋಟೋ ತೆಗೆಯುವಷ್ಟು ಹೊತ್ತು ನಿಂತರೆ ಪ್ರಯೋಗ ಯಶಸ್ವಿ.

ಎಚ್‌ಪಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಹ್ಯೂಲೆಟ್ 1939ರಲ್ಲೇ ಇದಕ್ಕೊಂದು ಪುಟ್ಟ ಬಲ್ಬು ಹಾಕಿದ್ದರು. ತರಂಗ ದೊಡ್ಡದಾದಂತೆ ಬಲ್ಬಿನ ತಂತಿ ಬಿಸಿಯಾಗಿ, ಅದರ ರೋಧ ಏರಿ, ಗೇನ್ ತಾನಾಗಿ ಇಳಿಯುತ್ತದೆ. ನಿಜ ಹೇಳುತ್ತೇನೆ, ಇದನ್ನು ಓದಿದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಡಿಸೈನ್ ಎಂದರೆ ಇದು. ಇದನ್ನೇ ಬಿಟ್ಟು ಸೂತ್ರಕ್ಕೆ ಸಂಖ್ಯೆ ತುಂಬುವುದಲ್ಲ.

“ಮೂರು ಗಂಟೆಯ ಲ್ಯಾಬು, ನಡುವೆ ಕರೆಂಟು ಹೋಗುತ್ತದೆ, ಪರೀಕ್ಷೆಯಲ್ಲಿ ಕೇಳುವುದೂ ಇಷ್ಟೇ ಮಾರಾಯ” ಎಂದು ಗೆಳೆಯನೊಬ್ಬ ಸಮಾಧಾನ ಹೇಳಿದ. ಬಲ್ಬಿಲ್ಲದಿದ್ದರೂ ಅದರ ಕೆಲಸವನ್ನು ಡಯೋಡುಗಳಿಂದ ಮಾಡಿಸಬಹುದು. ಗೇನ್ ನಿರ್ಧರಿಸುವ ಫೀಡ್‌ಬ್ಯಾಕ್ ರೆಸಿಸ್ಟರಿನ ಒಂದು ಭಾಗಕ್ಕೆ ಎರಡು 1ಎನ್4148 ಡಯೋಡುಗಳನ್ನು ಎದುರುಬದುರಾಗಿ ಜೋಡಿಸಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಎಲ್ಲರೂ ಕ್ಯಾಂಟೀನಿನಲ್ಲಿ ಕಳೆದಿದ್ದರು.

ಮುಂದಿನ ವಾರ ಫೇಸ್ ಶಿಫ್ಟ್ ಆಸಿಲೇಟರ್. ಅಲ್ಲಿ ಬೇಕಾದ ಗೇನ್ 29, ಕೆಪಾಸಿಟರುಗಳು ಮೂರು, ತಪ್ಪಲು ದಾರಿಗಳೂ ಹೆಚ್ಚು. ಬ್ರೆಡ್‌ಬೋರ್ಡನ್ನು ಇನ್ನೂ ಯಾರೂ ಮುಟ್ಟಿಲ್ಲ. ರೆಕಾರ್ಡಿನಲ್ಲಿ ಬರೆಯಬೇಕಾದ 650 ಹರ್ಟ್ಸ್ ಮಾತ್ರ ಆಗಲೇ ವಾಟ್ಸ್‌ಆಪ್ ಗ್ರೂಪಿಗೆ ಬಂದಾಗಿದೆ.