ಅದಿರು ಅಲುಗಾಡದು, ಊರೇ ಸರಿಯಲಿ

ಸ್ವೀಡನ್ನಿನ ಉತ್ತರ ತುದಿಯಲ್ಲಿ ಕಿರುನಾ ಅಂತ ಒಂದು ಊರಿದೆ. ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಯಾವ ವರ್ಷದ ಕಿರುನಾ ಅಂತ ಮೊದಲು ಹೇಳಬೇಕಾಗುತ್ತದೆ.

ಊರಿನ ಪಕ್ಕದ ಬೆಟ್ಟದಲ್ಲಿ ಕಬ್ಬಿಣದ ಅದಿರು ಸಿಕ್ಕಿತು. 1900ರಲ್ಲಿ ಗಣಿಗಾಗಿಯೇ ಊರು ಕಟ್ಟಿದರು. ಅದಿರು ಸುಮಾರು 4 ಕಿಲೋಮೀಟರ್ ಉದ್ದ, 80 ಮೀಟರ್ ದಪ್ಪ. ಅದು ನೆಟ್ಟಗೆ ಕೆಳಗಿಳಿದಿದ್ದರೆ ಯಾರಿಗೂ ತಕರಾರು ಇರುತ್ತಿರಲಿಲ್ಲ. ಆದರೆ ಅದು ಓರೆಯಾಗಿ, ಸರಿಯಾಗಿ ಊರಿನ ಅಡಿಗೇ ಇಳಿದಿದೆ. ತಪ್ಪು ಅದಿರಿನದ್ದೋ ಊರಿನದ್ದೋ ಅಂತ ವಿಚಾರಣೆ ನಡೆಯಿತು ಅನ್ನಿ. ಅದಿರಿಗೆ ಕೋಟಿಗಟ್ಟಲೆ ಬೆಲೆ ಇದೆ, ಊರಿಗೆ ಬರೀ ಜನ ಇದ್ದಾರೆ. ತೀರ್ಪು ಬರೆಯಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಗಣಿ ನಡೆಸುವ ಎಲ್‌ಕೆಎಬಿ ಸರ್ಕಾರದ್ದೇ ಕಂಪನಿ. ಅದು ಅದಿರನ್ನು ಹಂತ ಹಂತವಾಗಿ ಸಿಡಿಸಿ ತೆಗೆಯುತ್ತದೆ. ಖಾಲಿಯಾದ ಜಾಗಕ್ಕೆ ಮೇಲಿನ ಬಂಡೆ ಕುಸಿಯಲಿ ಅಂತ ಬಿಡುತ್ತದೆ. ಗಮನಿಸಿ, ಕುಸಿತ ಇಲ್ಲಿ ಅವಘಡವಲ್ಲ, ಅದೇ ವಿಧಾನ. ಬಂಡೆ ಕುಸಿದಂತೆ ಬಿರುಕು ಮೇಲಕ್ಕೆ ಹತ್ತಿ ಊರಿನ ಕಡೆ ಹಬ್ಬುತ್ತದೆ. ಗಣಿ ಈಗ ಸಾವಿರ ಮೀಟರಿಗಿಂತ ಆಳಕ್ಕೆ ಹೋಗಿದೆ. ರಾತ್ರಿ ಒಂದೂವರೆ ಸುಮಾರಿಗೆ ಸ್ಫೋಟ ಆಗುತ್ತದೆ, ಮಂಚ ಸಣ್ಣಗೆ ನಡುಗುತ್ತದೆ, ಜನ ಮಗ್ಗುಲು ಬದಲಿಸಿ ಮಲಗುತ್ತಾರೆ. 2020ರ ಮೇ ತಿಂಗಳಲ್ಲಿ ಒಂದು ರಾತ್ರಿ 4.9 ತೀವ್ರತೆಯ ಕಂಪನವೇ ಆಯಿತು. ಗಣಿಯಿಂದಲೇ ಆದದ್ದು.

2004ರಲ್ಲಿ ಕಂಪನಿ ಪುರಸಭೆಗೆ ವಿಷಯ ತಿಳಿಸಿತು: ಬಿರುಕು ಬರುತ್ತಿದೆ, ನೀವು ಹೊರಡಬೇಕು. ಇದು ಸ್ವೀಡನ್, ಮರ್ಯಾದಸ್ಥರ ದೇಶ. ಬುಲ್ಡೋಜರ್ ನುಗ್ಗಲಿಲ್ಲ, ಲಾಠಿ ಬೀಸಲಿಲ್ಲ. ಸಭೆಗಳಾದವು, ಕಾಫಿ ಕೊಟ್ಟರು, ನಕ್ಷೆ ಹಾಸಿದರು. ಉಂಡ ಮನೆಯ ಗಳ ಎಣಿಸಬಾರದು ಅನ್ನುತ್ತಾರೆ. ಇಲ್ಲಿ ಉಂಡವರೇ ಗಳ ಎಣಿಸಿ, ಮಾರುಕಟ್ಟೆ ಬೆಲೆ ಕಟ್ಟಿ, ಅದರ ಮೇಲೆ ಶೇಕಡ 25 ಸೇರಿಸಿ ಕೊಟ್ಟರು. ಬೇಡವೆಂದರೆ ಬದಲಿ ಮನೆ. ಎರಡೂ ಬೇಡ, ಇಲ್ಲೇ ಇರುತ್ತೇನೆ ಅನ್ನುವವರಿಗೆ ಅರ್ಜಿ ನಮೂನೆ ಇರಲಿಲ್ಲ.

ಹೊಸ ಊರಿಗೆ ವಾಸ್ತುಶಿಲ್ಪಿಗಳ ಸ್ಪರ್ಧೆಯೂ ನಡೆಯಿತು. 2013ರಲ್ಲಿ ಗೆದ್ದ ಯೋಜನೆಯ ಹೆಸರು ‘ಕಿರುನಾ ಫಾರೆವರ್’. ಗಂಟುಮೂಟೆ ಕಟ್ಟಿಸುವ ಯೋಜನೆಗೆ ಇಂಥ ಹೆಸರಿಡಲು ನಿಜಕ್ಕೂ ಗುಂಡಿಗೆ ಬೇಕು.

ಹಳೆಯ ಪುರಭವನದ ಕಥೆ ಕೇಳಿ. ಒಳ್ಳೆಯ ಕಟ್ಟಡ ಅಂತ ಬಹುಮಾನ ಪಡೆದದ್ದು. 2001ರಲ್ಲಿ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು. ಮುಂದಿನ ಪೀಳಿಗೆಗೆ ಉಳಿಯಬೇಕಲ್ವಾ? 2019ರಲ್ಲಿ ಕೆಡವಿದರು. ಅದಕ್ಕೂ ಮುಂಚೆ ನಿಯಮದ ಪ್ರಕಾರ ಪಟ್ಟಿಯಿಂದ ತೆಗೆದಿದ್ದರು ಅನ್ನಿ, ಸಂರಕ್ಷಿತ ಕಟ್ಟಡವನ್ನು ಕೆಡವುವುದು ಅಪರಾಧ ನೋಡಿ. ಗಡಿಯಾರದ ಗೋಪುರವೊಂದನ್ನು ಉಳಿಸಿ ಹೊಸ ಊರಿನಲ್ಲಿ ನಿಲ್ಲಿಸಿದ್ದಾರೆ. ಟೈಮ್ ಎಷ್ಟು ಉಳಿದಿದೆ ಅಂತ ಜನರಿಗೂ ತಿಳಿಯಬೇಕಲ್ಲ.

ಇನ್ನು ಚರ್ಚಿನ ಮೆರವಣಿಗೆ. 1912ರ ಮರದ ಚರ್ಚು, 672 ಟನ್ ತೂಕ. 2025ರ ಆಗಸ್ಟ್ 19 ಮತ್ತು 20ರಂದು ಅದನ್ನು ಇಡಿಯಾಗಿ ಎತ್ತಿ, ಚಕ್ರಗಳ ಮೇಲಿಟ್ಟು, ಐದು ಕಿಲೋಮೀಟರ್ ಸಾಗಿಸಿದರು. ಅದಕ್ಕಾಗಿ ರಸ್ತೆಯನ್ನು 9 ಮೀಟರಿನಿಂದ 24 ಮೀಟರಿಗೆ ಅಗಲ ಮಾಡಿದ್ದರು. ಟಿವಿಯಲ್ಲಿ ನೇರ ಪ್ರಸಾರ. ರಾಜರೇ ಬಂದರು. ಎಂಜಿನಿಯರುಗಳ ಕೆಲಸ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಚರ್ಚಿನ ಗೋಡೆಗೆ ಗೀರು ಬೀಳದಂತೆ ನೋಡಿಕೊಂಡವರು ನೆಲಕ್ಕೆ ಬಿದ್ದ ಬಿರುಕಿನ ಬಗ್ಗೆ ಮಾತಾಡಲಿಲ್ಲ ಅಂತ ನಾವು ಕೊಂಕು ತೆಗೆಯಬಾರದು. ಹಬ್ಬದ ದಿನ ಅಂಥದ್ದೆಲ್ಲ ಯಾರು ಮಾತಾಡುತ್ತಾರೆ?

ಅದೇ ತಿಂಗಳು, ಚಪ್ಪಾಳೆ ಹೊಡೆದ ಕೈ ಆರುವ ಮುಂಚೆ, ಕಂಪನಿ ಇನ್ನೊಂದು ಪ್ರಕಟಣೆ ಕೊಟ್ಟಿತು. ಇನ್ನೂ 6,000 ಜನ, 2,700 ಮನೆಗಳು ಸರಿಯಬೇಕು. ಮೆರವಣಿಗೆಗೆ ಮೊದಲೇ ಹೇಳಿದ್ದರೆ ಬಾಣಸಿಗ ಊಟ ಬಡಿಸುವಾಗಲೇ ಬಿಲ್ಲು ಇಟ್ಟಂತೆ ಆಗುತ್ತಿತ್ತು. ಅಷ್ಟು ಸೌಜನ್ಯ ಇದೆ ಅವರಿಗೆ.

ಹೋದವರು ಸುಖವಾಗಿದ್ದಾರಾ? ಹಳೆಯ ಊರನ್ನು ಕಟ್ಟಿದವರು ಇಳಿಜಾರಿನಲ್ಲಿ, ಗಾಳಿಗೆ ಅಡ್ಡವಾಗಲಿ ಅಂತ ರಸ್ತೆಗಳನ್ನು ಬಳುಕಿಸಿ ಕಟ್ಟಿದ್ದರು. ಹೊಸ ಊರು ತಗ್ಗಿನಲ್ಲಿದೆ. ತಣ್ಣನೆಯ ಗಾಳಿ ಬಂದು ಅಲ್ಲೇ ಕೂರುತ್ತದೆ. ಚಳಿಗಾಲದಲ್ಲಿ ಅಲ್ಲಿ 10 ಡಿಗ್ರಿವರೆಗೂ ಹೆಚ್ಚು ಚಳಿ ಇರಬಹುದು ಅಂತ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಹೇಳಿದ್ದಾರೆ. ಆರ್ಕ್ಟಿಕ್ ವೃತ್ತದಿಂದಲೂ ಆಚೆ ಇರುವ ಊರಿಗೆ ಕೊರತೆಯಾಗಿದ್ದದ್ದು ಅದೊಂದೇ.

ಮನೆ ಖಾಲಿಯಾದ ಜಾಗಕ್ಕೂ ಒಂದು ವ್ಯವಸ್ಥೆ ಇದೆ. ಅಲ್ಲಿ ಪಾರ್ಕ್ ಮಾಡುತ್ತಾರೆ, ಗಣಿ ಮತ್ತು ಊರಿನ ನಡುವೆ. ಬಿರುಕು ಮುಂದೆ ಬಂದಂತೆ ಪಾರ್ಕಿನ ಆ ತುದಿಗೆ ಬೇಲಿ ಬೀಳುತ್ತದೆ, ಈ ತುದಿಯಲ್ಲಿ ಇನ್ನಷ್ಟು ಮನೆ ಕೆಡವಿ ಪಾರ್ಕ್ ಬೆಳೆಸುತ್ತಾರೆ. ಮೊದಲು ಮನೆ, ಆಮೇಲೆ ಹುಲ್ಲು, ಆಮೇಲೆ ತಂತಿಬೇಲಿ. ನೀವು ಊಟ ಮಾಡುತ್ತಿದ್ದ ಕೋಣೆಯ ಜಾಗದಲ್ಲಿ ಬೆಂಚು ಹಾಕಿ ಕೂರಿಸುವ ಔದಾರ್ಯ ಎಲ್ಲರಿಗೂ ಬರುವುದಿಲ್ಲ.

ಈಗ ಮುಂದಿನ 6,000 ಜನಕ್ಕೆ ಜಾಗ ಹುಡುಕಬೇಕು. ಕಿರುನಾ ಪುರಸಭೆಯ ವ್ಯಾಪ್ತಿ ಹತ್ತಿರ ಹತ್ತಿರ 20,000 ಚದರ ಕಿಲೋಮೀಟರ್. ಆದರೂ ಮನೆ ಕಟ್ಟಲು ಜಾಗ ಸಾಲದು! ನೆಲದ ಬಹುಪಾಲು ಸರ್ಕಾರದ್ದು. ಉಳಿದಂತೆ ಇದು ಕಾಡಿಗೆ, ಇದು ಸೇನೆಗೆ, ಇದು ಖನಿಜಕ್ಕೆ ಅಂತ ಎಲ್ಲದಕ್ಕೂ ಹಕ್ಕುದಾರರಿದ್ದಾರೆ. ಸಾವಿರಾರು ವರ್ಷದಿಂದ ಇಲ್ಲಿರುವ ಸಾಮಿ ಜನ ತಮ್ಮ ಹಿಮಸಾರಂಗಗಳ ದಾರಿ ಉಳಿಸಿ ಅಂತ ಕೇಳುತ್ತಿದ್ದಾರೆ. ಅವರ ಸರದಿ ಎಷ್ಟನೆಯದೋ.

ಇಷ್ಟರ ನಡುವೆ 2023ರ ಜನವರಿಯಲ್ಲಿ ಊರ ಹತ್ತಿರವೇ ಪರ್ ಗೇಯರ್ ಎಂಬಲ್ಲಿ ಹತ್ತು ಲಕ್ಷ ಟನ್ನಿಗೂ ಮೀರಿದ ಅಪರೂಪದ ಭೂಲೋಹಗಳ (ರೇರ್ ಅರ್ತ್) ಆಕ್ಸೈಡುಗಳ ನಿಕ್ಷೇಪ ಇದೆ ಅಂತ ಕಂಪನಿ ಘೋಷಿಸಿತು. ವಿದ್ಯುತ್ ಕಾರಿಗೆ ಬೇಕು, ಗಾಳಿಯಂತ್ರಕ್ಕೆ ಬೇಕು, ಯುರೋಪಿಗೆಲ್ಲ ಬೇಕು. ಎಲ್ಲರೂ ಕುಣಿದರು. ಹಾಗಾಗಿ ಹೊಸದಾಗಿ ಮನೆ ಕಟ್ಟುವ ಕಿರುನಾದವರಿಗೆ ಒಂದು ಕಿವಿಮಾತು: ಪಾಯ ತೋಡುವಾಗ ಜಾಸ್ತಿ ಆಳಕ್ಕೆ ಹೋಗಬೇಡಿ. ಕಪ್ಪಗೆ ಹೊಳೆಯುವ ಕಲ್ಲೇನಾದರೂ ಕಂಡರೆ ಸುಮ್ನೆ ಮಣ್ಣು ಮುಚ್ಚಿ, ಅಕ್ಕಪಕ್ಕದವರಿಗೂ ಹೇಳಬೇಡಿ.