ಪರವಾಗಿಲ್ಲ, ಒಂದ್ಸಲ ನೋಡಬಹುದು

ಸಿನಿಮಾ ನೋಡಿ ಮನೆಗೆ ಬಂದವನಿಗೆ ಚಪ್ಪಲಿ ಬಿಡುವ ಮೊದಲೇ ಎದುರಾಗುವ ಪ್ರಶ್ನೆ ‘ಹೇಗಿತ್ತು?’ ಎಂಬುದು. ನೂರಾರು ಜನ ತಿಂಗಳುಗಟ್ಟಲೆ ದುಡಿದು, ಯಾರೋ ಮನೆ ಅಡವಿಟ್ಟು ತೆಗೆದಿರಬಹುದಾದ ಚಿತ್ರವೊಂದರ ಬಗ್ಗೆ, ಒಂದು ಕಾಲಿನ ಚಪ್ಪಲಿ ಕಳಚಿ ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ತೀರ್ಪು ಕೊಡಬೇಕು. ನಾನು ಕೊಡುವ ತೀರ್ಪು ಎಷ್ಟೋ ವರ್ಷಗಳಿಂದ ಬದಲಾಗಿಲ್ಲ. ‘ಪರವಾಗಿಲ್ಲ’ ಎನ್ನುತ್ತೇನೆ.

ಈ ಪದದ ಬಗ್ಗೆ ನನಗೆ ಬಹಳ ಗೌರವವಿದೆ. ನಿಘಂಟು ಏನೇ ಹೇಳಲಿ, ಸಿನಿಮಾದ ಮಟ್ಟಿಗೆ ಇದರ ಅರ್ಥವೆಲ್ಲ ರಾಗದಲ್ಲಿದೆ. ‘ಪರ್ವಾಗಿಲ್ಲ’ ಎಂದು ಥಟ್ಟನೆ ಮುಗಿಸಿ ಬಚ್ಚಲುಮನೆಯತ್ತ ನಡೆದರೆ, ದುಡ್ಡು ದಂಡವಾಗಿದೆ, ಆದರೆ ಎಲ್ಲರನ್ನೂ ಹೊರಡಿಸಿ ಟಿಕೆಟ್ ಕೊಂಡವನು ತಾನೇ ಆದ್ದರಿಂದ ಒಪ್ಪಿಕೊಳ್ಳುವ ಧೈರ್ಯವಿಲ್ಲ ಎಂದು ಮನೆಯವರು ತಿಳಿದುಕೊಳ್ಳುತ್ತಾರೆ. ಕೊನೆಯ ಅಕ್ಷರವನ್ನು ಎಳೆದು, ಹುಬ್ಬನ್ನು ಅರ್ಧ ಇಂಚು ಮೇಲೇರಿಸಿ ‘ಪರವಾಗಿಲ್ಲಾ’ ಎಂದರೆ, ಏನೂ ಇರಲಾರದು ಎಂದುಕೊಂಡು ಹೋದ ಕಡೆ ಏನೋ ಸಿಕ್ಕಿದೆ. ಇನ್ನು, ‘ಪರವಾಗಿಲ್ಲ, ಪರವಾಗಿಲ್ಲ’ ಎಂದು ತಲೆಯಾಡಿಸುತ್ತ ಎರಡೆರಡು ಸಲ ಹೇಳುವವನಿಗೆ ಚಿತ್ರ ನಿಜವಾಗಿಯೂ ಹಿಡಿಸಿರುತ್ತದೆ. ಬಾಯಿತುಂಬ ಹೊಗಳಿದರೆ ನಾಳೆ ನೋಡಿಬಂದವರು ತನ್ನ ರುಚಿಯನ್ನೇ ಅನುಮಾನಿಸಿಯಾರು ಎಂಬ ಅಳುಕಿನಿಂದ ಆತ ಹೊಗಳಿಕೆಯನ್ನು ಎರಡು ಕಂತುಗಳಲ್ಲಿ ಕಟ್ಟುತ್ತಿರುತ್ತಾನೆ. ಒಂದೇ ಪದ ಬೈಗುಳವೂ ಪ್ರಶಸ್ತಿಯೂ ಆಗುವ ಇಂಥ ಅನುಕೂಲ ಬೇರೆ ಯಾವ ವ್ಯವಹಾರದಲ್ಲಿದೆಯೋ ನಾನು ಕಾಣೆ. ಸೊಸೆ ಮಾಡಿದ ಸಾರಿಗೂ ಇದೇ ಪದ ಬಳಕೆಯಾಗುತ್ತದೆ, ಅದು ಬೇರೆ ಮಾತು.

‘ಒಂದ್ಸಲ ನೋಡಬಹುದು’ ಎಂಬುದು ಇದರ ತಮ್ಮ. ಹೇಳುವವರು ಇದನ್ನು ರಿಯಾಯಿತಿ ಎಂಬಂತೆ ಹೇಳುತ್ತಾರಾದರೂ, ಎರಡನೆಯ ಸಲ ನೋಡಲು ಈಗ ಯಾರಿಗೆ ಪುರುಸೊತ್ತಿದೆ? ಈ ಮಾತು 1972ರಲ್ಲಿ ಹುಟ್ಟಿದ್ದರೆ ಅದಕ್ಕೆ ತೂಕವಿರುತ್ತಿತ್ತು. ಆ ವರ್ಷ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ನಮ್ಮಲ್ಲಿ ಮನೆಮಾತು. ಹಾಗೆ ಓಡಬೇಕಾದರೆ ಒಬ್ಬೊಬ್ಬರೂ ಎಷ್ಟೆಷ್ಟು ಸಲ ಹೋಗಿರಬೇಕು! ನಮ್ಮ ತಂದೆಯ ತಲೆಮಾರಿನವರು ‘ಎಷ್ಟನೇ ಸಲ?’ ಎಂದು ಕೇಳುತ್ತಿದ್ದರಂತೆ. ನಾವು ‘ಯಾವುದರಲ್ಲಿದೆ?’ ಎಂದು ಕೇಳುತ್ತೇವೆ. ಹೇಳಿದರೂ ನೋಡುವುದಿಲ್ಲ, ‘ಲಿಸ್ಟಿಗೆ ಹಾಕಿದ್ದೇನೆ’ ಎನ್ನುತ್ತೇವೆ.

ನಮ್ಮ ಕುಟುಂಬದ ಅತ್ಯಂತ ಸೂಕ್ಷ್ಮ ವಿಮರ್ಶಕಿ ನನ್ನ ಚಿಕ್ಕಮ್ಮ. ಅವರಿಗೆ ಕಥೆ, ಚಿತ್ರಕಥೆ, ಛಾಯಾಗ್ರಹಣ ಇವುಗಳ ಗೊಡವೆಯಿಲ್ಲ. ತೆಂಗಿನಕಾಯಿ ತುರಿಯುತ್ತ ಸಿನಿಮಾ ನೋಡುವುದು ಅವರ ಪದ್ಧತಿಯಾದ್ದರಿಂದ ಕಣ್ಣು ಮೊದಲು ಹೋಗುವುದೇ ಚಿತ್ರದೊಳಗಿನ ಅಡುಗೆಮನೆಗೆ. ಕಳೆದ ಯುಗಾದಿಗೆ ನಾವೆಲ್ಲ ಸೇರಿ ಟೀವಿಯಲ್ಲಿ ನೋಡಿದ ಒಂದು ಚಿತ್ರದಲ್ಲಿ ನಾಯಕಿಯ ತಾಯಿ ಬಡತನದಿಂದ ಬಳಲಿ, ಒಲೆಯ ಮುಂದೆ ಕುಳಿತು ಕಣ್ಣೀರು ಹಾಕುತ್ತಿದ್ದಳು. ನಮಗೆಲ್ಲ ಗಂಟಲು ಕಟ್ಟಿಬಂದಿತ್ತು. ಚಿಕ್ಕಮ್ಮ ತುರಿಮಣೆಯ ಮೇಲಿಂದಲೇ, ‘ಬಡವರ ಮನೆ ಅಂತಾರೆ, ಒಂದು ಪಾತ್ರೆಯ ತಳವೂ ಕಪ್ಪಾಗಿಲ್ಲವಲ್ಲ’ ಎಂದರು. ಆಮೇಲೆ ಆ ತಾಯಿ ಸತ್ತರೂ ನಮಗೆ ಅಳು ಬರಲಿಲ್ಲ. ಪತ್ರಿಕೆಯ ವಿಮರ್ಶಕರು ಅರ್ಧ ಪುಟ ಬರೆದು ‘ನೈಜತೆಯ ಕೊರತೆಯಿದೆ’ ಎನ್ನುವುದನ್ನು ಆಕೆ ಒಂದು ಬೋಗುಣಿಯ ತಳದಲ್ಲಿ ತೋರಿಸಿಬಿಟ್ಟಿದ್ದರು.

ಇದಕ್ಕೆ ತದ್ವಿರುದ್ಧವಾದ ದೂರು ಕೇಳಿದ್ದು ಮದ್ದೂರಿನ ಕಡೆಯ ನನ್ನ ಸೋದರತ್ತೆಯಿಂದ. 2016ರಲ್ಲಿ ‘ತಿಥಿ’ ತೆರೆಕಂಡಾಗ ನಾನೇ ಅವರನ್ನು ಹಟಮಾಡಿ ಕರೆದುಕೊಂಡು ಹೋಗಿದ್ದೆ. ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ನೂರೊಂದು ವರ್ಷ ಬದುಕಿದ ಸೆಂಚುರಿ ಗೌಡ ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತ ಕುಳಿತವನು ಎದ್ದು ಹೋಗಿ ಸತ್ತುಬಿಡುತ್ತಾನೆ. ಹನ್ನೊಂದನೆಯ ದಿನದ ತಿಥಿಯ ಹೊತ್ತಿಗೆ ಅವನ ಮಗ, ಮೊಮ್ಮಗ, ಮರಿಮಗ ತಂತಮ್ಮ ಪಾಡಿನಲ್ಲಿರುತ್ತಾರೆ. ನಟಿಸಿದವರು ಬಹುತೇಕ ಆ ಕಡೆಯ ಊರವರೇ. ರಾಮ್ ರೆಡ್ಡಿಯವರ ಈ ಚಿತ್ರಕ್ಕೆ ಹಿಂದಿನ ವರ್ಷವೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತೆಂದು ನಾನು ದಾರಿಯುದ್ದಕ್ಕೂ ಅತ್ತೆಗೆ ಹೇಳಿಕೊಂಡು ಹೋಗಿದ್ದೆ. ಅತ್ತೆ ಒಂದು ಸಲವೂ ನಗದೆ, ಮಿಸುಕದೆ, ಪೂರ್ತಿ ನೋಡಿದರು. ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುತ್ತ, ‘ನೋಡಕ್ಕೇನೈತಪ್ಪ ಇದ್ರಲ್ಲಿ? ನಮ್ಮೂರಲ್ಲಿ ದಿನಾ ನಡ್ಯಾದೇ ಅಲ್ವಾ? ಇದ್ನ ನೋಡಕ್ಕೆ ದುಡ್ ಬೇರೆ ಕೊಡ್ಬೇಕಾ?’ ಎಂದರು. ನನಗೆ ಆಗ ನಿರಾಸೆಯಾಯಿತು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ಹೊಳೆಯಿತು, ಆ ಚಿತ್ರದ ಬಗ್ಗೆ ನಾನು ಓದಿದ್ದ ಅಷ್ಟೂ ಹೊಗಳಿಕೆಗಿಂತ ಈ ದೂರು ದೊಡ್ಡದೆಂದು. ಅತ್ತೆಗೆ ಅದನ್ನು ವಿವರಿಸಹೋಗಲಿಲ್ಲ. ಅವರು ಆಗಲೇ ಟಿಕೆಟ್ಟಿನ ದುಡ್ಡಿಗೆ ಎಷ್ಟು ಸೇರು ಕಡಲೆಕಾಯಿ ಬರುತ್ತಿತ್ತೆಂದು ಲೆಕ್ಕ ಹಾಕುತ್ತಿದ್ದರು.

ಒಂದೇ ಮಾತಿನಲ್ಲಿ ಚಿತ್ರವನ್ನು ಮುಗಿಸಿಬಿಡುವ ಕಲೆ ನಮ್ಮ ಸಾಹಿತಿಗಳಿಗೂ ತಿಳಿದಿತ್ತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಮಾಡಿದಾಗ, ನಾಡಿಗೆ ನಾಡೇ ರಾಮಾಚಾರಿಯ ಬೆನ್ನುಹತ್ತಿದ್ದರೂ ಮೂಲ ಲೇಖಕರು ಮಾತ್ರ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂದರಂತೆ. ಐವತ್ತು ವರ್ಷ ಕಳೆದರೂ ಚಿತ್ರವೂ ಉಳಿದಿದೆ, ಈ ಮಾತೂ ಉಳಿದಿದೆ. ನನಗೆ ಚಿತ್ರ ಬಹಳ ಇಷ್ಟ; ಮಾತು ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಇಷ್ಟ.

ಅಭಿಪ್ರಾಯ ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟದ ವಿದ್ಯೆ. ಶುಕ್ರವಾರ ಮಧ್ಯಾಹ್ನ ಚಿತ್ರಮಂದಿರದ ಗೇಟಿನಲ್ಲಿ ಮೈಕು ಕಂಡೊಡನೆ ‘ಸೂಪರ್! ನೂರು ದಿನ ಪಕ್ಕಾ! ಫ್ಯಾಮಿಲಿ ಸಮೇತ ಬಂದು ನೋಡಿ!’ ಎನ್ನುವವರನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ಆದ್ದರಿಂದ ಪ್ರತಿಯೊಬ್ಬರೂ ತಮಗೊಬ್ಬ ಖಾಸಾ ಸಲಹೆಗಾರನನ್ನು ಹುಡುಕಿಕೊಂಡಿರುತ್ತಾರೆ. ನನ್ನವನು ಕಚೇರಿಯ ಸಹೋದ್ಯೋಗಿ. ಅವನ ರುಚಿಗೂ ನನ್ನದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಊಟದ ಡಬ್ಬಿ ತೆರೆಯುತ್ತ ಅವನು ‘ಸೆಕೆಂಡ್ ಹಾಫ್ ತುಂಬಾ ಎಳೆದಿದ್ದಾನೆ, ಒಂದು ಫೈಟೂ ಇಲ್ಲ’ ಎಂದು ಮುಖ ಕಿವುಚಿದರೆ ನಾನು ಅಂದೇ ಸಂಜೆಯ ಆಟಕ್ಕೆ ಹೊರಡುತ್ತೇನೆ. ಹತ್ತು ವರ್ಷಗಳಲ್ಲಿ ಅವನು ನನಗೆ ಮೋಸ ಮಾಡಿದ್ದಿಲ್ಲ. ನಮ್ಮಿಬ್ಬರಿಗೂ ಹಿಡಿಸಿದ ಚಿತ್ರ ಬಂದರೆ ಗೊಂದಲವಾಗುತ್ತದೆ. ಅಂಥದ್ದು ಬಂದದ್ದು ‘ಸು ಫ್ರಮ್ ಸೋ’.

ಅದರ ಕಥೆ ಗೊತ್ತಿರುವವರು ಮನ್ನಿಸಬೇಕು. ಕರಾವಳಿಯ ಒಂದು ಹಳ್ಳಿ. ಅಶೋಕನೆಂಬ ಹುಡುಗ ತಾನು ಮಾಡಿಕೊಂಡ ಎಡವಟ್ಟಿನಿಂದ ಪಾರಾಗಲು ಮೈಮೇಲೆ ಬಂದವನಂತೆ ನಟಿಸುತ್ತಾನೆ. ಬಂದಿರುವುದು ಸೋಮೇಶ್ವರದ ಸುಲೋಚನ ಎಂದಾಗುತ್ತದೆ. ಆಮೇಲೆ ಊರಿಗೆ ಊರೇ ಸುಲೋಚನಳ ವಶ. (ಕನ್ನಡದ ಮೊದಲ ಮಾತಿನ ಚಿತ್ರ 1934ರ ‘ಸತಿ ಸುಲೋಚನ’. ತೊಂಬತ್ತೊಂದು ವರ್ಷಗಳ ಮೇಲೆ ಮತ್ತೊಬ್ಬ ಸುಲೋಚನ ಬಂದು ಚಿತ್ರಮಂದಿರ ತುಂಬಿಸಿದ್ದು ನನಗೆ ಕಾರಣವಿಲ್ಲದೆ ಖುಷಿ ಕೊಟ್ಟಿತು.) 2025ರ ಜುಲೈ 25ರಂದು ಜೆ.ಪಿ. ತುಮಿನಾಡು ನಿರ್ದೇಶಿಸಿ ತಾವೇ ಅಶೋಕನಾದ ಈ ಚಿತ್ರ ಬಂದಾಗ ಅದರಲ್ಲಿ ಕಟೌಟಿಗೆ ಹಾಲು ಸುರಿಸಿಕೊಳ್ಳುವಂಥ ನಾಯಕ ಯಾರೂ ಇರಲಿಲ್ಲ. ಶುಕ್ರವಾರ ನೋಡಿದವರು ಶನಿವಾರ ಅಕ್ಕಪಕ್ಕದವರಿಗೆ ಹೇಳಿದರು, ಭಾನುವಾರದ ಹೊತ್ತಿಗೆ ಟಿಕೆಟ್ಟಿಲ್ಲ. ಸುಲೋಚನ ಆ ಹಳ್ಳಿಯಲ್ಲಿ ಹೇಗೆ ಬಾಯಿಂದ ಬಾಯಿಗೆ ಹಬ್ಬಿ, ಹಬ್ಬಿದಷ್ಟೂ ಬೆಳೆದು, ಕೊನೆಗೆ ಇಲ್ಲವೆನ್ನಲಾಗದಂತೆ ನಿಂತುಬಿಟ್ಟಳೋ ಚಿತ್ರವೂ ಹೊರಗೆ ಹಾಗೆಯೇ ಹಬ್ಬಿತು. ನಾನು ಹೋದದ್ದು ಎರಡನೆಯ ವಾರ. ಪಕ್ಕದ ಸೀಟಿನ ಅಪರಿಚಿತರು ಮುಂದೆ ಬರುವ ಮಾತನ್ನು ಮೊದಲೇ ತಿಳಿದು, ಅದು ಬರುವ ಮುಂಚೆಯೇ ನಗಲು ತೊಡಗಿ, ನಡುವೆ ಒಂದೆರಡು ಸಲ ನನ್ನ ತೊಡೆಯನ್ನೂ ತಟ್ಟಿದರು. ನನ್ನ ನಗುವಿನಲ್ಲಿ ಅವರ ಪಾಲೆಷ್ಟು, ಚಿತ್ರದ ಪಾಲೆಷ್ಟು ಎಂದು ಈಗಲೂ ಬೇರ್ಪಡಿಸಲಾರೆ.

ಹಾಗೆ ಬೇರ್ಪಡಿಸಲಾರದ ಸ್ಥಿತಿಯಲ್ಲೇ ಶಿವಮೊಗ್ಗದ ಭಾವನಿಗೆ ಫೋನು ಮಾಡಿ, ‘ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಭಾವ, ನೀವು ನೋಡಲೇಬೇಕು’ ಎಂದುಬಿಟ್ಟೆ. ಚಿತ್ರದಲ್ಲಿ ಒಬ್ಬ ಭಾವ ಬರುತ್ತಾರೆ, ಅವರು ಬಂದರೆಂದು ಒಂದು ಹಾಡೂ ಇದೆ ಎಂಬ ಆಮಿಷವನ್ನೂ ಒಡ್ಡಿದೆ. ನಲವತ್ತು ವರ್ಷದ ‘ಪರವಾಗಿಲ್ಲ’ ವ್ರತವನ್ನು ಮುರಿದದ್ದು ಅದೇ ಮೊದಲು. ಭಾವ ಚಿತ್ರಮಂದಿರಕ್ಕೆ ಹೋಗಲಿಲ್ಲ. ಕೆಲವು ವಾರಗಳಲ್ಲಿ ಅದು ಮೊಬೈಲಿಗೂ ಬಂದ ಮೇಲೆ, ಅಕ್ಕ ಮಲಗಿದ ಹೊತ್ತಿನಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ನಡುವೆ ಎರಡು ಸಲ ನಿಲ್ಲಿಸಿ ಒಬ್ಬರೇ ನೋಡಿದರಂತೆ. ತೊಡೆ ತಟ್ಟುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಫೋನು ಬಂತು. ‘ನೀನು ಹೇಳಿದೆ ಅಂತ ನೋಡಿದೆ ಮಾರಾಯ’ ಎಂದರು. ಸಿನಿಮಾದ ವಿಷಯದಲ್ಲಿ ಇದಕ್ಕಿಂತ ಭಯಂಕರವಾದ ಪೀಠಿಕೆ ಇಲ್ಲ. ಮುಂದಿನ ಮಾತು ಏನೇ ಆಗಿದ್ದರೂ ಹೊಣೆ ನನ್ನದೆಂದು ಮೊದಲೇ ಬರೆಸಿಕೊಂಡಂತೆ. ನಾನು ಉಸಿರು ಬಿಗಿಹಿಡಿದು ‘ಹೇಗಿತ್ತು ಭಾವ?’ ಎಂದೆ. ಅವರು ‘ಪರವಾಗಿ...’ ಎನ್ನುತ್ತಿದ್ದಂತೆ ನಮ್ಮ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಅದು ನಿಲ್ಲುವಷ್ಟರಲ್ಲಿ ಭಾವ ಅಡಿಕೆಯ ಧಾರಣೆಗೆ ಹೋಗಿಬಿಟ್ಟಿದ್ದರು, ಮತ್ತೆ ಕೇಳುವುದು ಚೆನ್ನಾಗಿರಲಿಲ್ಲ.

ಫೋನು ಇಟ್ಟೊಡನೆ ಒಳಗಿನಿಂದ ಹೆಂಡತಿ, ‘ನಿಮ್ಮ ಭಾವನಿಗೆ ಹಿಡಿಸಿತಂತಾ?’ ಎಂದಳು.

‘ಪರವಾಗಿಲ್ಲ ಅಂದರು.’

ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ‘ಹೇಗೆ ಅಂದರು?’